ಹುಳಿ ಹರವಿಯ ಹೆಪ್ಪು

ಹರವಿ ತೊಳೆದ ಸುದ್ದಿ ಮೊದಲು ಗೊತ್ತಾದದ್ದು ಹೊನ್ನವ್ವನ ಮೂಗಿಗೆ. ಹಲಗೇರಿಯ ತಂಗಿ ಗುತ್ತೆವ್ವನ ಮನೆಯಲ್ಲಿ ಎರಡು ದಿನ ಇದ್ದು, ರಾಣೆಬೆನ್ನೂರ ಬಸ್ಸಿನಲ್ಲಿ ಕುಪ್ಪೇಲೂರಿಗೆ ಬಂದಿಳಿದು, ತನ್ನ ಮನೆಯ ಪಡಸಾಲೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಮನೆಯ ವಾಸನೆ ಇರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಆ ಮನೆ ಹೊಕ್ಕವರಿಗೆ ಮೊದಲು ಎದುರಾಗುತ್ತಿದ್ದದ್ದು ಹಿತ್ತಲಿನ ಹುಳಿ ವಾಸನೆ, ಆಮೇಲೆ ಹೊನ್ನವ್ವ. ಮಗ ಸೋಮಣ್ಣನ ಲಗ್ನದ ಮಾತುಕತೆಗೆ ಹಾವೇರಿಯಿಂದ ಬಂದ ಬೀಗರು ಉಸಿರು ಬಿಗಿಹಿಡಿದೇ ಮಾತು ಮುಗಿಸಿದ್ದರು. ಅದಕ್ಕೇ ಬೇಗ ಮುಗಿದಿತ್ತು.

ಆ ಬೀಗರ ಮಗಳು ಪ್ರೇಮವ್ವ, ಮನೆ ತುಂಬಿ ಒಂದೂವರೆ ತಿಂಗಳಾದ ಸೊಸೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಗುತ್ತ ಬಂದಳು.

"ಅತ್ತೀ, ಬರ್ರಿ, ನಿಮಗೊಂದು ತೋರಸ್ತೇನಿ."

ಹಿತ್ತಲಿನಲ್ಲಿ ನುಗ್ಗಿ ಗಿಡದ ಬುಡಕ್ಕೆ ಅರ್ಧ ಹೂತಿದ್ದ ದೊಡ್ಡ ಗಡಿಗೆ, ಆ ಹರವಿ, ಹೊಸ ಹಂಚಿನ ಹಾಗೆ ಕೆಂಪಗೆ ಕೂತಿತ್ತು. ಅದು ಕೆಂಪು ಮಣ್ಣಿನದೆಂಬುದು ಹೊನ್ನವ್ವನಿಗೂ ಅಂದೇ ಗೊತ್ತಾಯಿತು.

"ಒಳಗ ಏನೇನೋ ಕೊಳತು ನೊರಿ ಬಂದಿತ್ತರಿ. ಎಲ್ಲಾ ಗಟಾರಕ್ಕ ಚೆಲ್ಲಿ, ಬೂದಿ ಹುಣಸಿಹಣ್ಣು ಹಚ್ಚಿ ತಿಕ್ಕಿ, ಬಾವಿಗೆ ಹಾಕಾಕ ನರ್ಸಬಾಯಿ ಕೊಟ್ಟ ಬ್ಲೀಚಿಂಗ ಪೌಡರ ಉಳದಿತ್ತಲ್ಲರಿ, ಅದನ್ನ ಕಲಸಿಟ್ಟು ಮೂರು ಸರ್ತಿ ತೊಳದೇನಿ. ಇನ್ನ ಕುಡಿಯೋ ನೀರು ತುಂಬಬಹುದು ನೋಡ್ರಿ."

"ಎಲ್ಲಾ ಚೆಲ್ಲಿದಿ?"

"ಒಂದ ಹನಿ ಬಿಟ್ಟಿಲ್ಲರಿ."

ಹೊನ್ನವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅವಳ ಬಾಯಿಗೆ ಹೆದರಿ ಊರ ಗೌಡ ಓಣಿ ಬದಲಿಸುತ್ತಿದ್ದ ಕಾಲವಿತ್ತು. ಆ ಬಾಯಿ ಈಗ ತೆರೆದದ್ದು ತೆರೆದ ಹಾಗೇ ಇತ್ತು. ತಪ್ಪಾದರೂ ಏನು ಹುಡುಗಿಯದು? ಬಂದ ಸೊಸೆ ಮನೆ ಬೆಳಗಬೇಕು ಅಂತ ತಾನೇ ಅಕ್ಕಿ ತುಂಬಿದ ಸೇರು ಒದೆಸಿ ಒಳಗೆ ಕರೆದುಕೊಂಡದ್ದು. ಅವಳು ಬೆಳಗಿದಳು.

ಆ ಹರವಿ ಹೂತವಳು ಹೊನ್ನವ್ವನ ಅತ್ತೆ. ಸೆಗಣಿ, ಗಂಜಲ, ಹುಳಿ ಮಜ್ಜಿಗೆ, ಇರುವೆ ಮುತ್ತಿದ ಹಳೆ ಬೆಲ್ಲ, ಒಂದು ಬೊಗಸೆ ಹುರುಳಿ ಹಿಟ್ಟು, ಹೊಲದ ಬದುವಿನ ಒಂದು ಹಿಡಿ ಮಣ್ಣು. ಇಷ್ಟನ್ನು ಕಲಸಿ, ದಿನಾ ಬೇವಿನ ಕೋಲಿನಿಂದ ತಿರುವುತ್ತಿದ್ದರೆ ನಾಲ್ಕನೆಯ ದಿನ ನೊರೆ ಏಳುತ್ತಿತ್ತು. ಮುಕ್ಕಾಲು ಪಾಲು ಬಳಸಿ ಕಾಲು ಪಾಲು ಉಳಿಸುವುದು. ಉಳಿದದ್ದೇ ಮುಂದಿನದಕ್ಕೆ ಹೆಪ್ಪು. ಮೆಣಸಿನ ಅಗಿ, ಅಂದರೆ ಸಸಿ, ಹಚ್ಚುವ ಮೊದಲು ಎಳೆ ಬೇರುಗಳನ್ನು ಅದರಲ್ಲಿ ಅದ್ದಿ ನೆಡುತ್ತಿದ್ದರು. ಸಾಯುವಾಗ ಅತ್ತೆ ಬಂಗಾರ ಎಲ್ಲಿದೆ ಅಂತ ಹೇಳಲಿಲ್ಲ, ಇರಲೂ ಇಲ್ಲ. ಹೇಳಿದ್ದು ಎರಡೇ ಮಾತು: "ಹರವಿ ತೊಳೀಬ್ಯಾಡ. ಹೆಪ್ಪು ಹೊರಗ ಕೊಡಬ್ಯಾಡ."

ಮೊಸರಿನ ಹೆಪ್ಪನ್ನೇ ಮಂಗಳವಾರ, ಶುಕ್ರವಾರ, ದೀಪ ಹಚ್ಚಿದ ಮೇಲೆ ಕೊಡಬಾರದು ಅನ್ನುವ ಸೀಮೆ ಇದು. ಹರವಿಯ ಹೆಪ್ಪನ್ನು ಹೊನ್ನವ್ವ ಯಾವ ವಾರವೂ ಕೊಡಲಿಲ್ಲ. ಸುತ್ತಲಿನ ಹೊಲಗಳಲ್ಲಿ ಮೆಣಸಿನ ಗಿಡ ಸೊರಗಿ ಬಿದ್ದ ವರ್ಷವೂ ಅವಳ ಗಿಡ ನಿಂತಿದ್ದವು. ಬ್ಯಾಡಗಿ ಪೇಟೆಯಲ್ಲಿ ಅವಳ ಚೀಲ ಬಿಚ್ಚಿದರೆ ದಲಾಲರು ಒಂದು ಕಾಯಿ ಮುರಿದು ಬೆರಳಿಗೆ ಒರೆಸಿಕೊಂಡು, "ಇದು ಕುಪ್ಪೇಲೂರ ಹೊನ್ನವ್ವನ ಬಣ್ಣ" ಅನ್ನುತ್ತಿದ್ದರು. ಇತ್ತಿತ್ತಲಾಗಿ ಊರಿನ ಬೇರೆ ಹೊಲಗಳಲ್ಲೂ ಗಿಡ ಸೊರಗುವುದು ಕಡಿಮೆಯಾಗಿತ್ತು. ತನ್ನ ಹೊಲದ ಗಾಳಿ ಬಡಿದು ಅವಕ್ಕೂ ಒಳ್ಳೆಯದಾಗಿದೆ ಅಂತ ಹೊನ್ನವ್ವ ತಿಳಿದಿದ್ದಳು. ಅದಕ್ಕೂ ಸ್ವಲ್ಪ ಸಿಟ್ಟಿತ್ತು.

ಈಗ ಸಸಿಮಡಿಯಲ್ಲಿ ಗೇಣುದ್ದದ ಅಗಿ ಎದ್ದು ನಿಂತಿತ್ತು. ಆರಿದ್ರಾ ಮಳೆ ಮುಗಿಯಲು ಬಂದಿತ್ತು. ಹೆಚ್ಚೆಂದರೆ ಹನ್ನೆರಡು ದಿನ. ಆಮೇಲೆ ಅಗಿ ಬಲಿತು ಕಟ್ಟಿಗೆಯಾಗುತ್ತದೆ. ಅಷ್ಟರೊಳಗೆ ಹರವಿ ನೊರೆ ಏಳಬೇಕು, ನೊರೆ ಏಳಲು ಹೆಪ್ಪು ಬೇಕು, ಹೆಪ್ಪು ಗಟಾರದಲ್ಲಿತ್ತು. ಹೊನ್ನವ್ವ ಗಟಾರಕ್ಕೂ ಹೋಗಿ ಬಗ್ಗಿ ನೋಡಿದಳು. ಅಲ್ಲಿಗೂ ಪ್ರೇಮವ್ವ ಬ್ಲೀಚಿಂಗ ಪೌಡರ ಹಾಕಿದ್ದಳು.

"ಅಯ್ಯ ನಿನ್ನ ಹೊಟ್ಟಿ ತಂಪಿರಲಿ ಹುಡುಗೀ," ಅಂದಳು ಹೊನ್ನವ್ವ. ಪ್ರೇಮವ್ವ ಅದನ್ನು ಆಶೀರ್ವಾದವೆಂದು ತಿಳಿದು ಕಾಲಿಗೆ ಬಿದ್ದಳು. ಸಂಜೆ ಸೋಮಣ್ಣ ಬಂದು ಸಂಗತಿ ಬಿಡಿಸಿ ಹೇಳಿದ ಮೇಲೆ ಅಡುಗೆ ಮನೆಯಲ್ಲಿ ಕೂತು ಅತ್ತಳು.

ಮರುದಿನ ಹೊನ್ನವ್ವ ಹಾವೇರಿಯ ಬಸ್ಸು ಹತ್ತಿದಳು. ಅಲ್ಲಿ ಬಾಳಕೃಷ್ಣ ಎಂಬ ಕೃಷಿ ಸಹಾಯಕರು ಇದ್ದರು. ಮಣ್ಣು ಕಂಡರೆ ಮೊದಲು ಮೂಸುವ, ಆಮೇಲೆ ಮಾತಾಡಿಸುವ ಮನುಷ್ಯ. ಹಿಂದಿನ ವರ್ಷ ಗಾಜಿನ ಬಾಟಲಿ ಹಿಡಿದುಕೊಂಡು ಅವಳ ಮನೆಗೆ ಬಂದಿದ್ದರು.

"ನಿಮ್ಮ ಹರವ್ಯಾಗಿನ ಒಂದು ಚಮಚೆದೊಳಗ ನಮ್ಮ ದೇಶದ ಮಂದಿಗಿಂತ ಹೆಚ್ಚು ಜೀವ ಅವ, ಹೊನ್ನವ್ವನವರ," ಅಂದಿದ್ದರು.

"ಅವಕ್ಕೆಲ್ಲಾ ಹೆಸರು ಇಟ್ಟೀರೇನರಿ?"

"ಕೆಲವಕ್ಕ ಇಟ್ಟೇವಿ. ಬೇರಿಗೆ ಅಂಟಿಕೊಂಡು ಗಾಳ್ಯಾಗಿನ ಸಾರ ಹಿಡಿದು ಕೊಡೋವು ಅವ, ರೋಗದ ಹುಳಾ ತಿನ್ನೋವು ಅವ. ಒಂದು ಬಾಟಲಿ ಕೊಡ್ರಿ, ಪರೀಕ್ಷಾ ಮಾಡಸ್ತೇನಿ."

ಹೊನ್ನವ್ವ ಒಂದು ತಟ್ಟೆ ಮಂಡಕ್ಕಿ ಕೊಟ್ಟು, ಚಾ ಕೊಟ್ಟು, ಖಾಲಿ ಬಾಟಲಿಯನ್ನೂ ಕೊಟ್ಟು ಕಳಿಸಿದ್ದಳು.

ಈಗ ಬಾಳಕೃಷ್ಣ ಎಲ್ಲ ಕೇಳಿ, ಬ್ಲೀಚಿಂಗ ಪೌಡರಿನ ಮಾತಿಗೆ ಕಣ್ಣು ಮುಚ್ಚಿಕೊಂಡರು. ಮನೆಯಲ್ಲಿ ಯಾರೋ ತೀರಿಕೊಂಡರೆಂದು ಕೇಳಿದಾಗ ಮುಚ್ಚುತ್ತಾರಲ್ಲ, ಹಾಗೆ.

"ಹ್ವಾದ ವರ್ಷ ಬಾಟಲಿ ಕೊಟ್ಟಿದ್ದರ..." ಅಂದವರು ಅವಳ ಮುಖ ನೋಡಿ ಅಲ್ಲಿಗೇ ಬಿಟ್ಟರು. ಕಪಾಟಿನಿಂದ ಕರಿ ಪುಡಿಯ ಪಾಕೀಟು ತೆಗೆದು ಕೊಟ್ಟರು. "ಇದೂ ಜೀವಾನ. ಬೆಲ್ಲದ ನೀರಾಗ ಕಲಸಿ ಬೇರು ಅದ್ದರಿ. ಆದರ ಖರೇ ಹೇಳತೇನಿ, ಈ ಪಾಕೀಟಿನಾಗ ಇರೋದು ಒಂದ ಜಾತಿ. ನಿಮ್ಮ ಹರವ್ಯಾಗ ಹದಿನೆಂಟೂ ಜಾತಿ ಕೂಡಿ ನಲವತ್ತು ವರ್ಷ ಸಂಸಾರ ಮಾಡಿದ್ದವು. ಆ ಹಳೇ ಹರವ್ಯಾಗ ಮತ್ತ ಏನೂ ಹಾಕಬ್ಯಾಡ್ರಿ, ಪೌಡರು ಮಣ್ಣಿನ ರಂಧ್ರದೊಳಗ ಇಳದಿರತದ. ಹೊಸಾದು ತರ್ರಿ. ನೀವು ಹೆಪ್ಪು ಯಾರಿಗರ ಕೊಟ್ಟಿದ್ದರ ಅವರ ಕಡೆ ಇದ್ದ ಇರತದ, ಇಸಕೋರಿ."

"ಯಾರಿಗೂ ಕೊಟ್ಟಿಲ್ಲರಿ. ಒಬ್ಬಾವ ಕದ್ದಾನ."

"ಎಷ್ಟು ಚಲೋ ಆತು!" ಅಂದರು ಬಾಳಕೃಷ್ಣ. "ಆ ಕಳ್ಳನ್ನ ಹುಡುಕ್ರಿ."

ಕಳ್ಳನನ್ನು ಹುಡುಕುವುದು ಹೊನ್ನವ್ವನಿಗೆ ಹೊಸದಲ್ಲ. ಹದಿನೈದು ವರ್ಷದಿಂದ ಅದನ್ನೇ ಮಾಡುತ್ತಿದ್ದಳು.

ಆಗ ಅವಳು ಹರವಿಯ ಒಳಗೋಡೆಗೆ ಸುಣ್ಣದ ಗೆರೆ ಎಳೆದಿಡುತ್ತಿದ್ದಳು. ಒಂದು ದಿನ ಬೆಳಿಗ್ಗೆ ನೋಡಿದರೆ ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು. ತವರಿನವರು ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಂಬಿಗೆಯೂ ಕಾಣಲಿಲ್ಲ. ಕದಿಯಲು ಬಂದವನು ಪಾತ್ರೆಯನ್ನೂ ತಮ್ಮ ಮನೆಯದೇ ತೆಗೆದುಕೊಂಡನಲ್ಲ ಅಂತ ಅವಳಿಗೆ ಮೈ ಉರಿದುಹೋಯಿತು. ಅಮಾವಾಸ್ಯೆಯ ದಿನ ಊರ ಬಾಗಿಲಾದ ಅಗಸಿಯ ಮುಂದೆ ನಿಂತು, ತಲೆ ಬಿಚ್ಚಿಕೊಂಡು, ಎರಡು ಕೈಯಿಂದ ಮಣ್ಣು ಎತ್ತಿ ತೂರಿದಳು. "ನನ್ನ ಹರವಿ ಮುಟ್ಟಿದ ಕೈ ಬಿದ್ದು ಹೋಗಲಿ! ಉಣ್ಣಾಕ ಎತ್ತಿದರ ಬಾಯಿಗೆ ಬರದಂಗ ಆಗಲಿ!" ಮಣ್ಣು ತೂರುವುದೆಂದರೆ ಸಣ್ಣ ಮಾತಲ್ಲ. ಬಾಯಿಮಾತಿನ ಬೈಗುಳ ಗಾಳಿಗೆ ಹೋಗುತ್ತದೆ, ಮಣ್ಣು ತೂರಿದ್ದು ಹೋಗುವುದಿಲ್ಲ. ಅಗಸಿಯಲ್ಲಿದ್ದವರೆಲ್ಲ ತಲೆಗೆ ಟವೆಲು ಎಳೆದುಕೊಂಡರು. ಗಂಡ ಫಕ್ಕೀರಪ್ಪ ಎತ್ತಿನ ಹಗ್ಗ ಹಿಡಿದು ಅಲ್ಲೇ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ, ಕೆಮ್ಮಿದ, ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದ.

ಅವತ್ತಿನಿಂದ ಹೊನ್ನವ್ವ ಊರಿನವರ ಮುಖ ನೋಡುವುದು ಬಿಟ್ಟು ಕೈ ನೋಡುತ್ತಿದ್ದಳು. ಲಗ್ನದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ನೋಡುವಳು, ಕುಬಸದ ಮನೆಯಲ್ಲಿ ಬಸುರಿಗೆ ಅರಿಷಿಣ ಹಚ್ಚುವಾಗ ನೋಡುವಳು. ಊರ ಹಿರಿಯ ಪ್ರಭುಲಿಂಗಪ್ಪನ ಬೆರಳು ಮೇವು ಕತ್ತರಿಸುವ ಮಷಿನ್ನಿಗೆ ಸಿಕ್ಕು ಹೋದಾಗ ಮೂರು ದಿನ ಖುಷಿಯಾಗಿದ್ದಳು. ಹೋದದ್ದು ಎಡಗೈಯದು ಅಂತ ಗೊತ್ತಾದ ಮೇಲೆ ಅವನನ್ನು ಬಿಟ್ಟಳು. ಕಳ್ಳ ಎಡಗೈಯಲ್ಲಿ ಕದಿಯುವುದಿಲ್ಲ. ಐದು ವರ್ಷದ ಮೇಲೆ ಫಕ್ಕೀರಪ್ಪನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದ. ಡಾಕ್ಟರು ಬಿ.ಪಿ. ಅಂದರು, ಉಪ್ಪಿನಕಾಯಿ ಅಂದರು. ನಾಲ್ಕು ವರ್ಷ, ಅವನು ತೀರಿಕೊಳ್ಳುವ ತನಕ, ಹೊನ್ನವ್ವನೇ ರೊಟ್ಟಿ ಮುರಿದು, ಹಾಲಿನಲ್ಲಿ ನೆನೆಸಿ, ತುತ್ತು ಮಾಡಿ ಉಣಿಸಿದಳು. ಒಂದು ದಿನವೂ ಬೇಸರ ಪಡಲಿಲ್ಲ. ಅವನ ಬಾಯಿ ಒರೆಸಿ ಎದ್ದವಳು ಮತ್ತೆ ಓಣಿಗೆ ಹೋಗಿ ಮಂದಿಯ ಕೈ ನೋಡುತ್ತಿದ್ದಳು.

ಹಾವೇರಿಯಿಂದ ತಂದ ಪಾಕೀಟನ್ನು ಹೊಸ ಹರವಿಯಲ್ಲಿ ಕಲಸಿಟ್ಟದ್ದಾಯಿತು. ನಾಲ್ಕು ದಿನ ಕಾದರು. ನೊರೆ ಬರಲಿಲ್ಲ, ವಾಸನೆ ಬರಲಿಲ್ಲ. ಪಾಕೀಟಿನ ತಪ್ಪಲ್ಲ, ಬರುವಾಗ ಹೊನ್ನವ್ವ ಅದನ್ನು ಜೋಪಾನವಾಗಿ ಇರಲೆಂದು ಬಸ್ಸಿನ ಡ್ರೈವರನ ಪಕ್ಕದ ಇಂಜಿನ್ನಿನ ಮೇಲೆ ಇಟ್ಟಿದ್ದಳು. ಹಾವೇರಿಯಿಂದ ರಾಣೆಬೆನ್ನೂರ ತನಕ ಬೆಚ್ಚಗೆ ಬಂದು, ಒಳಗಿನ ಜೀವ ದಾರಿಯಲ್ಲೇ ಬೆಂದಿತ್ತು.

ಉಳಿದದ್ದು ಏಳು ದಿನ. ಹೊನ್ನವ್ವ ಮನೆ ಮನೆಗೆ ನಡೆದಳು. ಮೊದಲು ಎದುರು ಮನೆಯ ಮುಮ್ತಾಜಬಿಯ ಹತ್ತಿರ. ಅವಳ ಗಂಡ ಶಾಬುದ್ದೀನ ಫಕ್ಕೀರಪ್ಪನ ಬಾಲ್ಯದ ಗೆಳೆಯ, ಹೊಲವೂ ಬದುವಿಗೆ ಬದು.

"ನಮ್ಮ ಹರವಿ ಹೆಪ್ಪು ಯಾರ ಕಡೆ ಐತಿ ಅಂತ ನಿನಗೇನರ ಗೊತ್ತೇನ ಮುಮ್ತಾಜ?"

ಮುಮ್ತಾಜಬಿ ಜೋಳದ ಬಕ್ಕರಿ ಬಡಿಯುತ್ತಿದ್ದ ಎರಡೂ ಕೈಯನ್ನು ಹಿಟ್ಟಿನೊಳಗೆ ಹುಗಿದುಕೊಂಡಳು. "ನನ್ನ ಕೈ ಚಲೋ ಅದಾವರಿ," ಅಂದಳು.

ಹೋದ ಕಡೆಯೆಲ್ಲ ಅದೇ ಉತ್ತರ. ಕೆಲವರು ಕೇಳುವ ಮೊದಲೇ ಕೈ ಹಿಂದೆ ಕಟ್ಟಿಕೊಂಡರು. ಹನ್ನೊಂದು ಮನೆ ತಿರುಗಿ, ಕಡೆಗೆ ಪ್ರಭುಲಿಂಗಪ್ಪನ ಕಟ್ಟೆಗೆ ಬಂದು ಕೂತಳು.

"ಹೆಂಗ ಬಂದಾರ ಹೇಳು," ಅಂದ ಅವನು. "ಬಂದು 'ನಾನ ಕಳ್ಳ, ತಗೋ ನಿನ್ನ ಹೆಪ್ಪು' ಅಂದರ, ಹಿತ್ತಲದಾಗ ಇಟ್ಟ ಶಾಪ ಪಡಸಾಲಿಗೆ ಬಂದಂಗ ಆತಲ್ಲ. ಮೊದಲು ತೂರಿದ ಮಣ್ಣು ಹಿಂದಕ್ಕ ತಗೋ."

"ಹದಿನೈದು ವರ್ಷದ ಮಣ್ಣು! ಅದನ್ನ ಎಲ್ಲೆಂತ ಹುಡಕಲಿ?"

"ಅಂದಾಜಿನ ಮ್ಯಾಲ ತಗೋ."

ಹೊನ್ನವ್ವನಿಗೆ ಎರಡು ದಿನ ನಿದ್ದೆ ಹತ್ತಲಿಲ್ಲ. ತಾನು ಕೊಟ್ಟ ಮಾತನ್ನು ಅವಳು ಯಾವತ್ತೂ ಹಿಂದಕ್ಕೆ ಪಡೆದವಳಲ್ಲ. ಬೈಗುಳವಂತೂ ಇಲ್ಲವೇ ಇಲ್ಲ. ಮೂರನೆಯ ದಿನ ಮಡಿಯಲ್ಲಿ ಅಗಿಯ ಕೆಳಗಿನ ಎಲೆ ಹಳದಿಗೆ ತಿರುಗಿದ್ದು ಕಂಡಳು. ಪ್ರೇಮವ್ವ ಅಲ್ಲೇ ಕೂತು ಒಂದೊಂದೇ ಗಿಡಕ್ಕೆ ತಂಬಿಗೆಯಿಂದ ನೀರು ಹನಿಸುತ್ತಿದ್ದಳು. ಒಂದು ವಾರದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಹೊನ್ನವ್ವ ಕುರ್ಪಿ ತೆಗೆದುಕೊಂಡು ಅಗಸಿಗೆ ನಡೆದಳು.

ಅಗಸಿಯ ಮುಂದೆ ಪಂಚಾಯ್ತಿಯವರು ಕಡಿ ಹಾಕಿ ರೋಡು ಮಾಡಿಬಿಟ್ಟಿದ್ದರು. ಕಲ್ಲು ಎಬ್ಬಿಸಿ ಮಣ್ಣು ತೆಗೆಯಲು ಅರ್ಧ ತಾಸು ಹಿಡಿಯಿತು. ಮಂದಿ ಸೇರಿತು. ಯಾರೂ ಮುಂದೆ ಬಂದು ಕೈ ಹಚ್ಚಲಿಲ್ಲ. ಅವತ್ತು ಯಾರೂ ಕೈ ತೋರಿಸುವ ಮನಸ್ಸಿನಲ್ಲಿರಲಿಲ್ಲ. ಪ್ರಭುಲಿಂಗಪ್ಪ ನಿಂತು, "ಅಲ್ಲಲ್ಲ, ಇನ್ನೂ ಒಂದು ಮಾರು ಆಕಡೆ. ಅವತ್ತು ಗಾಳಿ ಮೂಡಲಕಡೆದಿತ್ತು," ಅಂತ ಹೇಳುತ್ತಿದ್ದ. ಹೊನ್ನವ್ವ ಎರಡು ಬೊಗಸೆ ಮಣ್ಣು ಉಡಿಯೊಳಗೆ ಹಾಕಿಕೊಂಡು ಎದ್ದು ನಿಂತಳು.

"ನನ್ನ ಹರವಿ ಮುಟ್ಟಿದ ಕೈ," ಅಂದು ಗಂಟಲು ಸರಿಮಾಡಿಕೊಂಡಳು, "ತಂಪಿರಲಿ. ಉಂಡಿದ್ದು ಮೈಗೆ ಹತ್ತಲಿ. ಒಂದು ತಂಬಿಗಿ ಹೆಪ್ಪು ಇದ್ದರ ತಂದು ಕೊಡ್ರಿ. ಯಾರು ಅಂತ ನಾ ಕೇಳಾಂಗಿಲ್ಲ."

ಮಾತು ಮುಗಿಯಿತು, ಮಂದಿ ಚದುರಿತು. ಸಂಜೆಯ ತನಕ ಯಾರೂ ಬರಲಿಲ್ಲ. ದೀಪ ಹಚ್ಚಿದ ಮೇಲೆ ಬರುವಂತೆಯೂ ಇರಲಿಲ್ಲ. ಹೆಪ್ಪು ಕೊಡುವ ಹೊತ್ತಲ್ಲ.

ಬೆಳಕು ಹರಿದ ಮೇಲೆ ಬಾಗಿಲು ತೆರೆದ ಪ್ರೇಮವ್ವ, "ಅತ್ತೀ!" ಅಂತ ಚೀರಿದಳು.

ಕಟ್ಟೆಯ ಮೇಲೆ ಸಾಲಾಗಿ ಹತ್ತು ಪಾತ್ರೆ. ತಂಬಿಗೆ, ಚರಿಗೆ, ಒಂದು ಟಿಫಿನ್ ಡಬ್ಬಿ. ಒಂದೊಂದರಿಂದಲೂ ಅದೇ ಹುಳಿ ವಾಸನೆ. ತಂದವರು ಯಾರೆಂದು ತಿಳಿಯಬಾರದೆಂದು ನಸುಕಿನಲ್ಲಿ ಇಟ್ಟು ಹೋಗಿದ್ದರು. ಆದರೆ ಈ ಸೀಮೆಯಲ್ಲಿ ಸ್ಟೀಲು ಪಾತ್ರೆಗೆ ಹೆಸರು ಕೊರೆಸದೆ ಯಾರು ಬಿಡುತ್ತಾರೆ? ಅದಕ್ಕೆ ಹೆಸರಿನ ಮೇಲೆ ಸೆಗಣಿ ಮೆತ್ತಿದ್ದರು. ಕೇಳಾಂಗಿಲ್ಲ ಅಂತ ಹೊನ್ನವ್ವ ಮಾತು ಕೊಟ್ಟಿದ್ದಳು, ಓದಾಂಗಿಲ್ಲ ಅಂತ ಕೊಟ್ಟಿರಲಿಲ್ಲ. ಸೆರಗಿನ ತುದಿಯಿಂದ ಒರೆಸಿ ಒಂದೊಂದೇ ಓದಿದಳು. ಓಣಿಯ ಗುಲಾಬಬಿ. ಮೇಲಿನ ಮನೆಯ ಮಂಗಳವ್ವ. ನಾಲ್ಕನೆಯದು ಪ್ರಭುಲಿಂಗಪ್ಪನದು.

"ಮುದುಕಾ!" ಅಂದಳು. "ಗಾಳಿ ಮೂಡಲಕಡೆದಿತ್ತಂತ!"

ತನ್ನ ಹೊಲದ ಗಾಳಿ ಬಡಿದು ಊರ ಬೆಳೆ ಸುಧಾರಿಸಿದ್ದಲ್ಲ ಅನ್ನುವುದು ಅಷ್ಟೊತ್ತಿಗೆ ಅವಳಿಗೆ ತಿಳಿದಿತ್ತು. ನಗು ಬಂತು. ಹದಿನೈದು ವರ್ಷದಲ್ಲಿ ಮೊದಲ ಸಲ ಅವಳು ಬಾಗಿಲಲ್ಲಿ ನಿಂತು ಕೈ ನೋಡದೆ ನಕ್ಕಳು. ಪ್ರೇಮವ್ವನೂ ಹೆದರಿ ಹೆದರಿ ನಕ್ಕಳು.

ಹನ್ನೊಂದನೆಯ ಪಾತ್ರೆ ಹಗಲಿನಲ್ಲೇ ಬಂತು. ಶಾಬುದ್ದೀನ ತಾನೇ ಎರಡು ಕೈಯಿಂದ ಹಿಡಿದುಕೊಂಡು ಓಣಿ ದಾಟಿ ಬಂದ. ಹಿತ್ತಾಳೆಯ ತಂಬಿಗೆ. ಅದರ ಮೇಲೆ ಸೆಗಣಿ ಮೆತ್ತಿರಲಿಲ್ಲ. ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು: ಫಕ್ಕೀರಪ್ಪ – ಹೊನ್ನವ್ವ.

"ಮಂದಿ ಯಾರೂ ಕದ್ದಿಲ್ಲ ಹೊನ್ನಕ್ಕ," ಅಂದ. "ಅವರೆಲ್ಲಾ ನನ್ನ ಕಡಿಂದ ಒಯ್ದಾರ. ಒಬ್ಬರಿಂದ ಒಬ್ಬರಿಗೆ ಹೋಗೇತಿ. ನಾನೂ ಕದ್ದಿಲ್ಲ."

"ಮತ್ತ ಇದು ಹಾರಿ ಬಂತೇನು ನಿನ್ನ ಮನಿಗೆ?"

"ಆ ವರ್ಷ ನನ್ನ ಗಿಡ ಎಲ್ಲಾ ಸೊರಗಿ ಬಿದ್ದಿದ್ದವು. ಬದುವಿನ ಮ್ಯಾಲ ಕುಂತು ಅಳಾಕತ್ತಿದ್ದೆ. ಫಕ್ಕೀರಪ್ಪ ನೋಡಿದ. ಮರುದಿನ ನಸುಕಿನಾಗ ತಾನ ತುಂಬಿ ತಂದು ಕೊಟ್ಟ."

ಹೊನ್ನವ್ವನ ನಗು ಅಲ್ಲಿಗೇ ನಿಂತಿತು.

"ಅಮಾಸಿಗೆ ನೀ ಮಣ್ಣು ತೂರಿದಿ. ಹೇಳಿಬಿಡೋ ಅಂದೆ ನಾನು. 'ಅಕಿ ಸಿಟ್ಟು ಇಳೀಲಿ, ಹೇಳತೇನಿ' ಅಂದ. ಐದು ವರ್ಷ ಇಳೀಲಿಲ್ಲಲ್ಲ ನಿಂದು. ಆಮ್ಯಾಲ ಅವನ ಬಲಗೈ ಬಿತ್ತು. ಆವಾಗೂ ಹೇಳಿದೆ, ಇನ್ನರ ಹೇಳೋ ಮಾರಾಯಾ ಅಂತ. 'ಈಗ ಹೇಳಿದರ, ನನಗ ತುತ್ತು ಮಾಡೋ ಅಕಿ ಕೈ ನಡಗತೈತಿ, ಬ್ಯಾಡ' ಅಂದ. ಊರಾಗ ಎಲ್ಲಾರಿಗೂ ಗೊತ್ತೈತಿ ಹೊನ್ನಕ್ಕ. ಶಾಪಕ್ಕ ಹೆದರಿ ಕೈ ಮುಚ್ಚಿಕೊಂಡಿದ್ದಿಲ್ಲ ಯಾರೂ. ಎಲ್ಲಿ ಬಾಯಿ ಬಿಟ್ಟೇವು ಅಂತ ಹೆದರಿದ್ದರು."

ಹೊನ್ನವ್ವ ತನ್ನ ಬಲಗೈ ನೋಡಿಕೊಂಡಳು. ಮಣ್ಣು ತೂರಿದ್ದೂ ಅದೇ, ತುತ್ತು ಮಾಡಿದ್ದೂ ಅದೇ. ಊರಿನ ಕೈಯನ್ನೆಲ್ಲ ನೋಡಿದ್ದಳು. ದಿನಕ್ಕೆ ಎರಡು ಸಲ ತೊಳೆದು ಒರೆಸಿ ಎದೆಯ ಮೇಲೆ ಮಡಚಿಟ್ಟ ಗಂಡನ ಕೈಯನ್ನು ನೋಡಿರಲಿಲ್ಲ.

ತಂಬಿಗೆ ಇಸಿದುಕೊಂಡು ಹಿತ್ತಲಿಗೆ ಹೋಗಿ, ಎಲ್ಲಕ್ಕಿಂತ ಮೊದಲು ಅದನ್ನೇ ಹೊಸ ಹರವಿಗೆ ಸುರಿದಳು. ಸುರಿಯುವಾಗ ಕೈ ನಡುಗಿತು.

"ಅಲ್ಲೋ ಮಾರಾಯಾ," ಅಂದಳು, ಶಾಬುದ್ದೀನನಿಗಲ್ಲ, ಹರವಿಗೆ. "ಕೇಳಿದ್ದರ ನಾನ ಕೊಡತಿದ್ದಿಲ್ಲೇನು?"

ಹೊನ್ನವ್ವ ಬೇವಿನ ಕೋಲು ತೆಗೆದುಕೊಂಡು ಹರವಿಯನ್ನು ಎರಡು ಸುತ್ತು ತಿರುವಿದಳು.

"ಇಲ್ಲ," ಅಂದಳು. "ಕೊಡತಿದ್ದಿಲ್ಲ."

ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಾಯಿ ಬಿಟ್ಟು ಅತ್ತಳು. ಗಂಡ ಸತ್ತಾಗ ಇಷ್ಟು ಅತ್ತಿರಲಿಲ್ಲ. ಆಗ ಅವಳ ಲೆಕ್ಕದಲ್ಲಿ ಅವನು ಉಪ್ಪಿನಕಾಯಿಗೆ ಸತ್ತಿದ್ದ.

ಮೂರನೆಯ ದಿನಕ್ಕೇ ನೊರೆ ಎದ್ದಿತು. ಅವತ್ತೇ ಹಲಗೇರಿಯ ಬಸ್ಸಿನ ಕಂಡಕ್ಟರ ಹನ್ನೆರಡನೆಯ ಪಾತ್ರೆ ತಂದುಕೊಟ್ಟ. ತಂಗಿ ಗುತ್ತೆವ್ವನದು. ಅವಳೂ ಹೆಸರಿನ ಮೇಲೆ ಸೆಗಣಿ ಮೆತ್ತಿದ್ದಳು.

ಅಗಿ ಹಚ್ಚಿದ ಮರುದಿನ ಪಾತ್ರೆಗಳನ್ನು ತಿರುಗಿ ಕೊಡಬೇಕಿತ್ತು. ಇಸಿದುಕೊಂಡ ಪಾತ್ರೆಯನ್ನು ಖಾಲಿ ಕೊಡುವ ಪದ್ಧತಿ ಇಲ್ಲ. ಪ್ರೇಮವ್ವ ಎಲ್ಲವನ್ನೂ ಸಾಲಾಗಿಟ್ಟುಕೊಂಡು ಸಕ್ಕರೆ ಹಾಕಲೇ, ಜೋಳ ಹಾಕಲೇ ಅಂತ ಕೇಳಿದಳು. ತೊಳೆಯಲೇ ಅಂತ ಕೇಳಲಿಲ್ಲ.

"ಹರವ್ಯಾಗಿಂದ ತುಂಬು," ಅಂದಳು ಹೊನ್ನವ್ವ.

"ಈ ಹಿತ್ತಾಳಿ ತಂಬಿಗಿ ನಮ್ಮದಲ್ಲೇನರಿ ಅತ್ತೀ? ಹೆಸರು ಐತಿ."

"ಕೊಟ್ಟಾವ ಕೊಟ್ಟಾನ. ಅದನ್ನ ಮೊದಲು ತುಂಬು. ಶಾಬುದ್ದೀನನ ಮನಿಗೆ ಒಯ್ದು ಕೊಡು."

ಪ್ರೇಮವ್ವ ಹರವಿಯ ಮುಂದೆ ಬಗ್ಗಿದವಳು ಮತ್ತೆ ಎದ್ದು ನಿಂತಳು. ಈ ಮನೆಯಲ್ಲಿ ಕೇಳದೆ ಏನನ್ನೂ ಮಾಡಬಾರದೆಂದು ಅವಳು ಕಲಿತಿದ್ದಳು.

"ಅತ್ತೀ, ಇವತ್ತು ಶುಕ್ರವಾರರಿ."

"ಶುಕ್ರವಾರದ ಕೂಡ ನಾ ಮಾತಾಡತೇನಿ," ಅಂದಳು ಹೊನ್ನವ್ವ. "ನೀ ತುಂಬು."